ರುಕ್ಸಾರ್ ತೂಬು

ಯಾರನ್ನೂ ಹೊಗಳುವ ಜಾಯಮಾನ ನನ್ನದಲ್ಲ. ಆದರೆ ರುಕ್ಸಾರ್ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ. ಮದ್ದೂರಿನ ಮೆಕ್ಯಾನಿಕ್ ಇಲ್ಯಾಸನ ಮಗಳು. ಮಳವಳ್ಳಿ ಕಡೆಯ ನಮ್ಮ ನೀರು ಬಳಕೆದಾರರ ಸಂಘಕ್ಕೆ ದಿನಾ ಬಸ್ಸಿನಲ್ಲಿ ಬರುತ್ತಾಳೆ. ನಾನು ಸಂಘದ ಕಾರ್ಯದರ್ಶಿ, ಹೆಸರಿಗೆ.

ನಮ್ಮ ಕಂಪ್ಯೂಟರಿನಲ್ಲಿ ಇಡೀ ನಾಲೆಯ ಜಾಲ ಉಬ್ಬುತಗ್ಗಿನ ಸಮೇತ ಕಾಣುತ್ತದೆ. ಕವಲುಗಳೆಲ್ಲ ಗೆರೆ, ಗದ್ದೆಗೆ ನೀರು ಬಿಡುವ ತೂಬುಗಳೆಲ್ಲ ಚುಕ್ಕೆ. ನೀರು ಪೋಲಾಗುವ ಕಡೆ ಕೆಂಪು. ಬೆರಳು ತಾಗಿದರೆ ಸಾಕು, ಚಿತ್ರ ಬುಗುರಿಯಂತೆ ತಿರುಗಿಬಿಡುತ್ತದೆ, ಹುಟ್ಟಿದಾಗಿನಿಂದ ಉತ್ತ ಗದ್ದೆಯೇ ಎಲ್ಲಿದೆಯೋ ತಿಳಿಯುವುದಿಲ್ಲ. ಅದರೊಳಗೆ ನಮಗೆ ದಾರಿ ತೋರಿಸುವುದೇ ರುಕ್ಸಾರ್ ಕೆಲಸ.

ಹೋದ ವರ್ಷ ನಾಟಿ ಹೊತ್ತಿಗೆ ನಾಲೆಯ ಕೊನೆಯಲ್ಲಿರುವ ಚಿಕ್ಕಬೋರಮ್ಮನ ಗದ್ದೆಗೆ ನೀರು ಬರಲಿಲ್ಲ. ನಾಟಿಗೆಂದು ಮಡಿಯಲ್ಲಿ ಬೆಳೆಸಿದ್ದ ಪೈರು ಬಲಿತುಹೋಗುತ್ತಿತ್ತು, ಇನ್ನು ತಡವಾದರೆ ದನಕ್ಕೇ ಹಾಕಬೇಕು. ಚಿತ್ರದಲ್ಲಿ ಎಡದಂಡೆಯ ಯಾವುದೋ ಹಳೇ ತೂಬು ಕೆಂಪಾಗಿತ್ತು. ಗುದ್ದಲಿ ಹಿಡಿದು ಚಿಕ್ಕಬೋರಮ್ಮನ ಜೊತೆ ಹೋದವರು ಎಡಗೈ ಕಡೆಯ ಪೊದೆಯೆಲ್ಲ ಸವರಿ ಬರಿಗೈಯಲ್ಲಿ ಬಂದರು.

"ಟೀವಿ ನೋಡ್ಕಂಡು ನೀರು ಕಟ್ಟಕಾಯ್ತದಾ? ಈ ಡಬ್ಬನ ವಾಪಸ್ ಕಳಿಸ್ಬುಡಿ," ಎಂದು ಅಧ್ಯಕ್ಷ ಮಹದೇವಯ್ಯ ಕೂಗಾಡಿದ. ಕಂಪ್ಯೂಟರ್ ಹೋದರೆ ರುಕ್ಸಾರಳ ಕೆಲಸವೂ ಹೋದ ಹಾಗೆ.

ರುಕ್ಸಾರ್ ಚಿಕ್ಕಬೋರಮ್ಮನತ್ತ ತಿರುಗಿದಳು. "ಅಜ್ಜಿ, ನೀರು ಹರಿಯೋ ಕಡೆಗೆ ನಡೆದ್ರಾ, ಎದುರಿಗಾ?"

"ಎದುರ್ಗೇ ಕಣವ್ವ. ನೀರ್ ಬರ್ದಿದ್ರೆ ನಮ್ ಗದ್ದೆಯಿಂದ ಮೇಲಕ್ಕೇ ಅಲ್ವಾ ಉಡಿಕ್ಕಂಡ್ ಓಗದು?" ಎಂದಳು ಚಿಕ್ಕಬೋರಮ್ಮ.

ಎಡಬಲದ ಸರ್ಕಾರಿ ಲೆಕ್ಕ ನೀರು ಹರಿಯುವತ್ತ ಮುಖ ಮಾಡಿದವರದ್ದು. ಎದುರು ನಡೆದ ನಮ್ಮವರು ಎಡವೆಂದು ಬಲದಂಡೆ ಸವರಿದ್ದರು! ರುಕ್ಸಾರ್ ಚಿತ್ರವನ್ನು ಚಿಕ್ಕಬೋರಮ್ಮನ ತೂಬಿಗೆ ತಂದು ನಿಲ್ಲಿಸಿ, ಅಲ್ಲಿಂದ ಏರಿಯ ಮೇಲೆ ಹೆಜ್ಜೆ ಹಾಕಿದಂತೆ ಮೇಲಕ್ಕೆ ನಡೆಸಿದಳು. "ಈಗ ನೋಡಿ, ನಿಮ್ಮ ಬಲಗೈ ಕಡೆ."

ಮರುದಿನ ಬೆಳಿಗ್ಗೆ ಹೋದರೆ ಲಂಟಾನದ ಅಡಿಯಲ್ಲಿ ಹಳೇ ತೂಬಿನ ಬಾಗಿಲು ತುಕ್ಕು ಹಿಡಿದು ಒಡೆದಿತ್ತು. ಮುಚ್ಚಿದೆವು. ಸಂಜೆಗೆ ಚಿಕ್ಕಬೋರಮ್ಮನ ಗದ್ದೆ ತುಂಬಿತು. ನನ್ನ ಎದೆಯೂ ತುಂಬಿತು, ಸುಳ್ಳೇಕೆ ಹೇಳಲಿ.

ಈಗ ಯಾರೇ ಬಂದರೂ ಚಿತ್ರ ಅವರವರ ತೂಬಿನಿಂದಲೇ ಶುರು.

ಆ ಸಲ ನಾಟಿ ಮುಗಿಸಿದ ಚಿಕ್ಕಬೋರಮ್ಮ ಕೆಸರುಗಾಲಲ್ಲೇ ಆಫೀಸಿಗೆ ಬಂದಳು. "ಆ ತೂಬಿಗೇನವ್ವ ಎಸ್ರು?"

"ಬರೀ ನಂಬರು ಅಜ್ಜಿ."

"ನಿನ್ನೆಸ್ರೇ ಬರಿ."

ನಮ್ಮಲ್ಲಿ ತೂಬಿಗೆ ಇಡುವುದು ಹಿಂದಿನ ಕಾಲದವರ ಹೆಸರು. ರುಕ್ಸಾರ್ ಹಿಂಜರಿದಳು. "ಸತ್ತೋರ ಹೆಸರಲ್ವಾ ಅಜ್ಜಿ ಇಡೋದು?"

"ಸತ್ತೋರು ನೋಡಾಕ್ ಬತ್ತಾರಾ? ಬರಿಯವ್ವ ಸುಮ್ನೆ."

ಬರೆದಳು. ಡಬ್ಬ ವಾಪಸ್ ಕಳಿಸಲು ಹೊರಟಿದ್ದ ಮಹದೇವಯ್ಯ ಈಗ ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ ಅರಚುತ್ತಾನೆ: "ರುಕ್ಸಾರ್ ತೂಬಿನ್ ತಾವ ಇರ್ಲಾ, ಬತ್ತೀನಿ!"