ಹೆಸರು ಕೊರೆಸಿದ ಡಬ್ಬಿ

ಇವತ್ತು ಬೆಳಗ್ಗೆ ಊಟದ ಡಬ್ಬಿ ಒರೆಸುತ್ತಿದ್ದಾಗ ಬೆರಳಿಗೆ ಮೌಶಿಯ ಹೆಸರು ತಾಕಿತು. ಸ್ಟೀಲಿನ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ‘ಸುಮಿತ್ರಾ’. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಯಾರ ಮನೆಯದೋ, ಮರಳಿಸಲು ಮರೆತದ್ದು.

ಸುಮಿತ್ರಾ ಮೌಶಿ ನನ್ನ ಅವ್ವನ ತಂಗಿ. ಮದುವೆಯಾಗಿ ಧಾರವಾಡದಿಂದ ಪುಣೆಯ ಸದಾಶಿವ ಪೇಠಕ್ಕೆ ಬಂದವಳು. ಒಂದು ಚಮಚ ಕೊಂಡರೂ ಹೆಸರು ಹಾಕಿಸದೆ ಅಂಗಡಿ ಇಳಿಯುತ್ತಿರಲಿಲ್ಲ, ಅದೂ ಕನ್ನಡದಲ್ಲಿ. ಕೊರೆಯುವವನಿಗೆ ಕನ್ನಡ ಬಾರದು. ಇವಳು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವನು ರಂಗೋಲಿ ನೋಡಿ ಬಿಡಿಸಿದ ಹಾಗೆ ತೆಗೆಯುತ್ತಿದ್ದ. ಹೀಗಾಗಿ ಅವಳ ‘ತ್ರಾ’ ಪಾತ್ರೆಯಿಂದ ಪಾತ್ರೆಗೆ ಬೇರೆ. ನನ್ನ ಡಬ್ಬಿಯ ಮೇಲಂತೂ ಕಾಲು ಮಡಚಿ ಕೂತ ಬೆಕ್ಕಿನಂತಿದೆ.

ನನ್ನ ಕೆಲಸದ ಬಗ್ಗೆ ಊಟದ ಹೊತ್ತಿಗೆ ಓದಬೇಡಿ. ಹೊಟ್ಟೆಯ ಕೆಲವು ಅಪರೂಪದ ಕ್ಯಾನ್ಸರುಗಳಲ್ಲಿ ಒಳಗೆಲ್ಲ ಲೋಳೆ ತುಂಬಿಕೊಳ್ಳುತ್ತದೆ. ಆಪರೇಷನ್ನಿನಲ್ಲಿ ತೆಗೆದ ಆ ಲೋಳೆಯಲ್ಲಿ ಯಾವ ಯಾವ ಪ್ರೋಟೀನುಗಳಿವೆ, ಯಾರ ರೋಗ ಮರಳೀತು ಎಂಬುದನ್ನು ಅವು ಹೇಳಬಲ್ಲವೇ ಎಂದು ನಾವು ಹುಡುಕುತ್ತೇವೆ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಮೌಶಿಯ ಹೊಟ್ಟೆ ಉಬ್ಬತೊಡಗಿತು. ವಾಯು ಎಂದು ಓಂಕಾಳು ತಿಂದಳು. ವಾಯುವಲ್ಲ, ಅದೇ ರೋಗ.

ಆಪರೇಷನ್ನಿನ ಹಿಂದಿನ ದಿನ, ಲೋಳೆಯನ್ನು ಸಂಶೋಧನೆಗೆ ಕೊಡಲು ಒಪ್ಪಿ ಸಹಿ ಹಾಕಿದವಳು ನನ್ನನ್ನು ಹತ್ತಿರ ಕರೆದಳು.

“ನಂದು ನಿನ್ನ ಕಡೆನ ಬರ್ತದಲ್ಲ?”

“ಬರ್ತದ ಮೌಶಿ. ಆದ್ರ ಯಾವುದು ನಿಂದು ಅಂತ ನನಗ ಗೊತ್ತಾಗೂದಿಲ್ಲ. ಹೆಸರು ಇರೂದಿಲ್ಲ, ಬರೇ ನಂಬರ್. ನಿಯಮ ಹಂಗದ.”

ಅವಳ ಮುಖ ಸಣ್ಣದಾಯಿತು.

“ಹೆಸರಿಲ್ಲದ್ದು ಕಳದು ಹೋಗ್ತದ ನೋಡು. ಯಾರರ ಚೆಲ್ಲಿಬಿಟ್ರ?”

ಸಹಿ ಹಾಕಿದ ಪೆನ್ನನ್ನು ನನ್ನ ಕೈಗಿಟ್ಟು ಅವಳೇ ಮತ್ತೆ ಅಂದಳು: “ಹಂಗಾರ ಎಲ್ಲಾವನ್ನೂ ನಂದ ಅಂತ ತಿಳಕೊಂಡು ನೋಡು.”

ಆಮೇಲಿನ ದೀಪಾವಳಿಗಳಲ್ಲಿ ಅವಳ ಚಕ್ಕುಲಿ ಬಂದದ್ದು ಈ ಡಬ್ಬಿಯಲ್ಲೇ. ಕೊನೆಗೆ ಲೋಳೆ ಮತ್ತೆ ತುಂಬಿತು. ನಾನು ಡಬ್ಬಿ ಮರಳಿಸುವ ಮೊದಲೇ ಮೌಶಿ ಹೋಗಿಬಿಟ್ಟಳು.

ಲ್ಯಾಬಿನಲ್ಲಿ ಒಂದು ನಂಬರು ನಮ್ಮನ್ನು ಭಾರೀ ಸತಾಯಿಸುತ್ತಿತ್ತು. ಎಷ್ಟು ಕಲಕಿದರೂ ಸಡಿಲಾಗದ ಲೋಳೆ. ನಳಿಕೆಯಲ್ಲಿ ಸಿಕ್ಕಿಕೊಂಡು ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. “ಜಾಊ ದ್ಯಾ,” ಬಿಟ್ಟುಬಿಡಿ, ಎಂದರು ಮರಾಠಿ ಸಹೋದ್ಯೋಗಿ. ನನಗೂ ಸಾಕಾಗಿತ್ತು. ಇವತ್ತು ಚೆಲ್ಲುವುದೆಂದೇ ತೀರ್ಮಾನಿಸಿದ್ದೆ, ಆ ಹೆಸರು ಬೆರಳಿಗೆ ತಾಕುವವರೆಗೆ.

ಚೆಲ್ಲಲಿಲ್ಲ. ಸಡಿಲಿಸುವ ದ್ರಾವಣವನ್ನು ಇನ್ನಷ್ಟು ಬೆರೆಸಿ ಮಧ್ಯಾಹ್ನದವರೆಗೆ ಕಾದು ಕೂತೆ. ಹಟಮಾರಿ ಲೋಳೆ ನಿಧಾನಕ್ಕೆ ತೆಳ್ಳಗಾಗಿ ನಳಿಕೆಯಲ್ಲಿ ಇಳಿಯಿತು. ಅದು ಮೌಶಿಯದೋ, ನಾನು ಎಂದೂ ಕಾಣದ ಯಾರದೋ, ತಿಳಿಯುವ ದಾರಿಯಿಲ್ಲ. ಕೈ ತೊಳೆದು ಊಟಕ್ಕೆ ಕೂತೆ. ಮುಚ್ಚಳ ತೆಗೆಯುವ ಮೊದಲು ಮೆಲ್ಲಗೆ ಹೇಳಿದೆ: “ನಿಂದನ ಅಂತ ತಿಳಕೊಂಡು ನೋಡೀನಿ, ಮೌಶಿ.”