ಕಿಂಡಿಗೆ ತುರುಕಿದ ಅರಿವೆ

ಮೂಡಲಗಿಯ ಸುಂದರಾಬಾಯಿ ಸಾಯುವವರೆಗೂ ತಮ್ಮ ಹಿತ್ತಲಿನ ಈಜುವಷ್ಟು ದೊಡ್ಡ ನೀರಿನ ತೊಟ್ಟಿಯಾದ ಹೌದಕ್ಕೆ ಇಳಿಯಲಿಲ್ಲ. ಹೌದ ತುಂಬಿದರೆ ಹೆಚ್ಚಿನ ನೀರು ಅಂಚಿನ ಕಿಂಡಿಯಿಂದ ಹರಿದು, ಮೇಲೆ ತೇಲುವ ಎಣ್ಣೆ, ಕಸವನ್ನೂ ಒಯ್ಯಬೇಕು. ಗಂಡ ಕುಂಥುನಾಥರು ಮಾತ್ರ, ಕಪ್ಪೆಮರಿಗಳು ಗಟಾರಕ್ಕೆ ಬಿದ್ದು ಸತ್ತರೆ ಹಿಂಸೆಯ ಪಾಪ ತಮಗೇ ಬರುತ್ತದೆಂದು ಕಿಂಡಿಗೆ ಅರಿವೆ ತುರುಕಿದ್ದರು. ನೀರು ಹಸಿರುಗಟ್ಟಿ ನಾರಿತು. ಅವರು ಅದರಲ್ಲೇ ಮುಳುಗೆದ್ದು ಪೂಜೆಗೆ ಕೂರುತ್ತಿದ್ದರು.

ಒಂದು ಮುಂಜಾನೆ ಜೋರು ಮಳೆಗೆ ಹೌದ ಉಕ್ಕಿ, ಆ ಗಬ್ಬು ನೀರು ಅಡುಗೆಮನೆಗೇ ನುಗ್ಗಿತು. ಸುಂದರಾಬಾಯಿ ಸೀರೆ ಎತ್ತಿಕಟ್ಟಿ, ಮೂಗು ಮುಚ್ಚಿಕೊಂಡು ಅರಿವೆ ಕಿತ್ತರು. ಅದರ ಮಡಿಕೆಗಳಲ್ಲಿ ಸಿಕ್ಕಿಬಿದ್ದ ಕಪ್ಪೆಮರಿಗಳು ಕೊಳೆತು ಮುದ್ದೆಯಾಗಿದ್ದವು. ಅದನ್ನು ಹಾಗೇ ಒಯ್ದು ಗಂಡನ ಮುಂದೆ ಇಟ್ಟರು.

"ನೀವು ಉಳಿಸಿದ ಜೀವ ಇಲ್ಲೇ ಅದಾವ ನೋಡ್ರಿ. ಇನ್ನ ಪೂಜಿಗೆ ಕುಂದರ್ರಿ."