ಜಡ್ಜಮ್ಮನ ಚಳಿಗಾಲದ ಚಹಾ

ಚಹಾಪುಡಿಯ ಗೋದಾಮಿನಲ್ಲಿ ಮೂವತ್ತೊಂದು ವರ್ಷ ರುಚಿ ನೋಡುವ ಕೆಲಸ ಮಾಡಿದ ಆಕೆಗೆ ಅಲ್ಲಿಯ ಹಮಾಲರು ಇಟ್ಟ ಹೆಸರು ಜಡ್ಜಮ್ಮ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು. ಒಂದೊಂದರಿಂದ ಒಂದು ಚಮಚ ತೆಗೆದು, ಸುರ್ರೆಂದು ಎಳೆದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಪಕ್ಕದ ಡಬ್ಬಕ್ಕೆ ಉಗುಳಿ ತೀರ್ಪು ಕೊಡಬೇಕು. ಇದು ಸರಿ, ಇದು ಮುಗ್ಗಲು ಹಿಡಿದಿದೆ, ಇದಕ್ಕೆ ಹೊಗೆ ತಾಗಿದೆ, ವಾಪಸ್ ಕಳಿಸಿ. ತೋಟದವರು ಕೈಮುಗಿದರೂ ಅಷ್ಟೆ, ಮ್ಯಾನೇಜರು ಮುಖ ಗಂಟಿಕ್ಕಿದರೂ ಅಷ್ಟೆ. ನುಂಗುವಂತಿಲ್ಲ. ದಿನಕ್ಕೆ ಇನ್ನೂರು ಬಟ್ಟಲು ಬಾಯಿಗಿಟ್ಟವಳು ಸಂಜೆ ಮನೆಯ ಬಾಗಿಲು ತಟ್ಟುವಾಗ ಒಂದು ಗುಟುಕನ್ನೂ ಕುಡಿದಿರುತ್ತಿರಲಿಲ್ಲ.

ಕುಡಿಯುವುದು ಮನೆಯಲ್ಲಿ. ಅಲ್ಲಿ ಗೋದಾಮಿನ ಕಾನೂನು ನಡೆಯುತ್ತಿರಲಿಲ್ಲ. ಸೆಕೆ ಶುರುವಾದರೆ ಪುದೀನ, ಮಳೆ ಹಿಡಿದರೆ ಶುಂಠಿ ಮತ್ತು ಮೆಣಸು, ಚಳಿ ಬಿದ್ದರೆ ಒಣಗಿಸಿ ಪುಡಿ ಮಾಡಿದ ಕಿತ್ತಳೆ ಸಿಪ್ಪೆ, ಜೊತೆಗೆ ಎರಡೇ ಎರಡು ಲವಂಗ. ಗಾಳಿ ಬದಲಾದದ್ದು ಆಕೆಯ ಮೂಗಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಹೊಸ ಚಹಾದ ಮೊದಲ ಲೋಟ ಗಂಡನಿಗೆ. ಅವನು ನಡುಮನೆಯಲ್ಲೇ ಕೂತು ಪುಸ್ತಕಗಳಿಗೆ ರಟ್ಟು ಹಾಕುವವನು. "ಏನು ಹಾಕಿದ್ದೀನಿ, ಹೇಳಿ ನೋಡೋಣ" ಎಂದರೆ, ಅಂಟು ಮೆತ್ತಿದ ಕೈಯಲ್ಲಿ ಲೋಟ ಹಿಡಿದು ಬಹಳ ಹೊತ್ತು ಯೋಚಿಸಿ, "ಸಕ್ಕರೆ" ಎನ್ನುತ್ತಿದ್ದ. ವರ್ಷಕ್ಕೆ ಮೂರು ಸಲ ಅದೇ ಪ್ರಶ್ನೆ, ಅದೇ ಉತ್ತರ. "ನಾಲಿಗೆಗೂ ರಟ್ಟು ಹಾಕಿಕೊಂಡಿದ್ದೀರೇನ್ರೀ?" ಎಂದು ಆಕೆ ಬೈಯುವುದು, ಅವನು ನಗುವುದು. ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಸಾಕಾಗುತ್ತದೆ.

ಅಡುಗೆಮನೆಯ ಗೂಡಿನಲ್ಲಿ ಒಂದೇ ಅಳತೆಯ ಹದಿನಾಲ್ಕು ಸ್ಟೀಲ್ ಡಬ್ಬಗಳಿದ್ದವು. ಒಂದಕ್ಕೂ ಹೆಸರಿನ ಚೀಟಿ ಇಲ್ಲ. ಬರೆದು ಅಂಟಿಸಿಕೊಡುತ್ತೇನೆಂದು ಗಂಡ ಹೇಳಿದಾಗ, "ಮತ್ತೆ ಈ ಮೂಗು ಇರೋದು ಕನ್ನಡಕ ಇಡೋಕಾ?" ಎಂದು ಬಾಯಿ ಮುಚ್ಚಿಸಿದ್ದಳು. ಜಂಬ ಅನ್ನಿ. ಅಷ್ಟು ಜಂಬ ಪಡುವ ಹಕ್ಕು ಆಕೆಗೆ ಇದ್ದೇ ಇತ್ತು.

ನಿವೃತ್ತಿಯಾದ ಎರಡನೆಯ ವರ್ಷ, ಮಳೆ ಮುಗಿಯುವ ಹೊತ್ತಿಗೆ, ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಕಟ್ಟಿಕೊಂಡು ಹೋಯಿತು. ಲವಂಗದ ಡಬ್ಬ ತೆಗೆದರೆ ವಾಸನೆಯಿಲ್ಲ. ಹಳೆಯದಾಗಿರಬೇಕೆಂದು ಒಂದನ್ನು ಕಚ್ಚಿದಳು. ಮರದ ಚೂರು. ಗಾಬರಿಯಿಂದ ಉಪ್ಪನ್ನು ನೆಕ್ಕಿದಳು. ಅದೂ ಬರೀ ಮರಳು. ಕಣ್ಣಿನ ಪರೀಕ್ಷೆಗೆಂದು ಗಂಡನಿಗೆ ಸುಳ್ಳು ಹೇಳಿ ಡಾಕ್ಟರ ಹತ್ತಿರ ಹೋದಳು. "ತಿರುಗಿ ಬಂದರೂ ಬರಬಹುದು, ಬರದೇನೂ ಇರಬಹುದು" ಎಂದು ಅವರು ಕೈಚೆಲ್ಲಿದರು.

ಆಕೆ ಯಾರಿಗೂ ಹೇಳಲಿಲ್ಲ. ನಾಚಿಕೆಯಲ್ಲ, ಭಯ. ನಾಲಿಗೆಯೊಂದನ್ನು ಬಿಟ್ಟರೆ ತನ್ನ ಹತ್ತಿರ ಇನ್ನೇನಿದೆ ಎಂಬ ಭಯ. ಅಡುಗೆಯೇನೋ ಕೈ ಅಳತೆಯಲ್ಲಿ ಸಾಗಿತು. ಆದರೆ ಚಳಿ ಬಂದದ್ದು ಈ ಸಲ ಎದುರುಮನೆಯವರ ಸ್ವೆಟರ್ ನೋಡಿ ಗೊತ್ತಾಯಿತು. ಗೂಡಿನ ಮುಂದೆ ನಿಂತು ಒಂದೊಂದೇ ಮುಚ್ಚಳ ತೆಗೆದಳು. ಹಳದಿ ಪುಡಿಯ ಡಬ್ಬ ಎರಡು. ಬೆರಳಲ್ಲಿ ತಿಕ್ಕಿ ನೋಡಿ, ಧೈರ್ಯ ಮಾಡಿ ಒಂದನ್ನು ಆರಿಸಿದಳು.

ಗಂಡ ಒಂದು ಗುಟುಕು ಕುಡಿದ. ಆಕೆಯ ಮುಖ ನೋಡಿ, "ಕಿತ್ತಳೆ ಸಿಪ್ಪೆ" ಎಂದ. "ಲವಂಗಾನೂ ಇದೆ, ಅಲ್ವೇನೇ?"

ಆಕೆಗೆ ಹೋದ ಜೀವ ಬಂದಂತಾಯಿತು. ಜನ್ಮದಲ್ಲಿ ಸರಿಯಾಗಿ ಹೇಳದವನು ಇವತ್ತು ಹೇಗೆ ಹೇಳಿದ ಎಂಬ ಮಾತು ಮನಸ್ಸಿಗೆ ಬಂತು. ಇನ್ನೊಬ್ಬರ ಬಟ್ಟಲಾಗಿದ್ದರೆ ಬಿಡುತ್ತಿರಲಿಲ್ಲ. ಇದನ್ನು ಬಿಟ್ಟಳು.

ಮೂರು ವಾರ, ದಿನಕ್ಕೆರಡು ಲೋಟ, ಅವನು ತಳ ಕಾಣುವವರೆಗೆ ಕುಡಿದ. ಆಮೇಲೆ ಒಂದು ಮಧ್ಯಾಹ್ನ ಹಿಂದಿನ ಬೀದಿಯ ಟೈಲರಮ್ಮ ಮಗಳ ಹರಿದ ಪಠ್ಯಪುಸ್ತಕ ಹಿಡಿದು ಬಂದಳು. ಜಡ್ಜಮ್ಮ ಅವಳಿಗೂ ಚಹಾ ತಂದಳು.

"ಅವರಿಗೆ ಬೇಡ ಕಣೇ, ಅವರಿಗೆ ಗ್ಯಾಸ್ಟ್ರಿಕ್!" ಎಂದು ಗಂಡ ಅರ್ಧ ಎದ್ದೇಬಿಟ್ಟ.

"ನನಗೆಲ್ಲಿಯ ಗ್ಯಾಸ್ಟ್ರಿಕ್ ಅಣ್ಣ, ಕಲ್ಲು ತಿಂದರೂ ಅರಗುತ್ತೆ" ಎಂದು ಟೈಲರಮ್ಮ ಲೋಟ ಬಾಯಿಗಿಟ್ಟಳು. ಮುಖ ಕಿವುಚಿದಳು. "ಅಕ್ಕಾ, ಇದೇನಿದು ಮೆಂತ್ಯ? ಕಹಿ ವಿಷ! ಶುಗರ್‌ಗೆ ಅಂತ ಕುಡೀತಿದ್ದೀರಾ?"

ತಲೆಗೆ ಹಚ್ಚಿಕೊಳ್ಳಲೆಂದು ಪುಡಿ ಮಾಡಿಟ್ಟಿದ್ದ ಮೆಂತ್ಯ. ಜಡ್ಜಮ್ಮ ಗಂಡನ ಕಡೆ ನೋಡಿದಳು. ಅವನು ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿದ. ಕೈಯಲ್ಲಿ ದಾರವೇ ಇರಲಿಲ್ಲ.

ಟೈಲರಮ್ಮ ಹೋದ ಮೇಲೆ ಕೇಳಿದಳು. "ಯಾವಾಗಿನಿಂದ ಗೊತ್ತು?"

"ಮೊದಲನೇ ದಿನದಿಂದ."

"ಬಾಯಿ ಬಿಡೋಕೆ ಏನಾಗಿತ್ತು?"

"ನಿನ್ನ ಮುಖ ನೋಡಿದೆ. ಹೇಳೋಕೆ ಮನಸ್ಸು ಬರಲಿಲ್ಲ."

"ಕೆಟ್ಟದ್ದನ್ನ ಕೆಟ್ಟದ್ದು ಅಂದೇ ನಾನು ಅನ್ನ ತಿಂದಿದ್ದು ಕಣ್ರೀ," ಎಂದಳು. "ನಾಲಿಗೆ ಹೋಗಿದ್ದನ್ನ ಹೇಗೋ ತಡ್ಕೊಂಡೆ. ನೀವು ಆ ಕಹೀನ ನಗುನಗ್ತಾ ಕುಡಿದ್ರಲ್ಲ, ಅದನ್ನ ಹೇಗೆ ತಡ್ಕೊಳ್ಳಲಿ? ಇನ್ನು ನೀವು ಚೆನ್ನಾಗಿದೆ ಅಂದರೆ ನಂಬೋದು ಹೇಗೆ?"

ಅವನದು ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಯಿಂದ ಹೇಳಿದ ಸುಳ್ಳೂ ಸುಳ್ಳೇ, ಆಕೆಯಂಥವಳಿಗಂತೂ ಹೌದು. ಉಳಿದ ಚಳಿಗಾಲವೆಲ್ಲ ಆ ಮನೆಯಲ್ಲಿ ಚಹಾ ಕಾಯಲಿಲ್ಲ. ಇಬ್ಬರೂ ಬಿಸಿನೀರು ಕುಡಿದರು. ಮಾತು ಕೂಡ ಎಷ್ಟು ಬೇಕೋ ಅಷ್ಟೇ.

ಸೆಕೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಕುಂಡದ ಪುದೀನ ಒಣಗುತ್ತಿರುವುದನ್ನು ಕಂಡು ಆಕೆಯ ಮನಸ್ಸು ತಡೆಯಲಿಲ್ಲ. ಕೊಯ್ದಳು, ತೊಳೆದಳು, ಕುದಿಸಿದಳು. ಲೋಟವನ್ನು ಗಂಡನ ಮುಂದಿಟ್ಟಳು.

"ಈ ಸಲ ಏನು ಹಾಕಿದ್ದೀನಿ ಅಂತ ಕೇಳಲ್ಲ. ಹೇಗಿದೆ ಹೇಳಿ. ನನ್ನ ಮುಖ ನೋಡಬೇಡಿ, ಲೋಟ ನೋಡಿ."

ಉಪ್ಪು ಹೆಚ್ಚಾದ ಸಾರಿಗೂ ಒಂದು ದಿನವೂ ಚಕಾರ ಎತ್ತದ ಮನುಷ್ಯ. ಲೋಟವನ್ನೇ ನೋಡುತ್ತ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ.

"ಚೆನ್ನಾಗಿಲ್ಲ" ಎಂದ. ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ.

"ಏನು ಹೆಚ್ಚು?"

"ಪುದೀನ. ಗಂಟಲು ಕೆರೆಯುತ್ತೆ. ಚಹಾ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

ಆಕೆ ಲೋಟವನ್ನು ಸಿಂಕಿಗೆ ಸುರಿದು ಮತ್ತೆ ನೀರಿಟ್ಟಳು. ಎರಡನೆಯದಕ್ಕೆ, "ಈಗ ಸಪ್ಪೆ" ಎಂದ. ಸುರಿದಳು. ಮೂರನೆಯದನ್ನು ಅವನು ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಸ್ವಲ್ಪ ಧೈರ್ಯವಾಗಿಯೇ, "ಚಹಾ ಜಾಸ್ತಿ ಕುದ್ದಿದೆ, ಬೇಡ" ಎಂದ. ಅದನ್ನೂ ಸುರಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಾಲ್ಕನೆಯ ಲೋಟದಿಂದ ಅವನು ಒಂದು ಗುಟುಕು ಕುಡಿದ, ಮತ್ತೆ ಇನ್ನೊಂದು. "ಇದು ಸರಿ" ಎಂದ ಕೊನೆಗೆ.

ಮೂರು ಸಲ ಬೇಡ ಎಂದವನ ಮಾತು. ಜಡ್ಜಮ್ಮ ನಂಬಿದಳು. ಅವನ ಕೈಯಿಂದ ಲೋಟ ತೆಗೆದುಕೊಂಡು, ಉಳಿದದ್ದನ್ನು ನಿಧಾನವಾಗಿ ಕುಡಿದಳು.